ಬೂಟ್ ಇಮೇಜನ್ನು ನಂಬದವರು ಯಾವ ದಾರಿ ಹಿಡಿಯಬೇಕು?

ಕಳೆದ ಮಳೆಗಾಲದ ಒಂದೇ ವಾರದಲ್ಲಿ ಎರಡು ಕಡೆಯಿಂದ ನನಗೆ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಬಂತು. ಆಲ್ದೂರಿನ ಕಡೆಯ ಕಾಫಿ ಎಸ್ಟೇಟೊಂದರ ರೈಟರು (ಲೆಕ್ಕ ಬರೆಯುವ ಗುಮಾಸ್ತರು) ಫೋನು ಮಾಡಿ, ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ-ಕೂಲಿಯ ಲೆಕ್ಕ, ಇರುವ ಲಿನಕ್ಸ್ ಕಂಪ್ಯೂಟರು ಆ ತಿಂಗಳಲ್ಲಿ ಎರಡನೆಯ ಸಲ ಕರ್ನಲ್ ಪ್ಯಾನಿಕ್ ಎಂದು ನಿಂತುಬಿಟ್ಟಿದೆಯೆಂದೂ ಶನಿವಾರ ಬಟವಾಡೆ ಆಗಲೇಬೇಕೆಂದೂ ಹೇಳಿ, "ಸಾರ್, ಆ ಇನಿಟ್‌ರಾಮ್‌ಎಫ್‌ಎಸ್ ಅನ್ನೋ ಫೈಲೇ ಇಲ್ಲದ ಹಾಗೆ ಮಾಡೋಕಾಗಲ್ವಾ?" ಎಂದು ಕೇಳಿದರು. ಎರಡು ದಿನ ಕಳೆದ ಮೇಲೆ, ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗಳು, ಕೀಬೋರ್ಡ್ ಬದಲಿಸಲು ಅಂಗಡಿಗೆ ಕೊಟ್ಟಿದ್ದ ಲ್ಯಾಪ್‌ಟಾಪು ಮೂರು ದಿನದ ನಂತರ ವಾಪಸು ಬಂದಿದೆಯೆಂದೂ ಅದರ ತಳದ ಸ್ಕ್ರೂಗಳಲ್ಲಿ ಒಂದು ಬೇರೆಯದಾಗಿದೆಯೆಂದೂ ಹೇಳಿ, "ಮಾಮ, ಡಿಸ್ಕೆಲ್ಲ ಎನ್‌ಕ್ರಿಪ್ಟ್ ಆಗಿದೆ, ಸರಿ. ಆದ್ರೆ ಬೂಟ್ ಪಾರ್ಟಿಷನ್ ಹಾಗೇ ಬಿಚ್ಚಿಕೊಂಡಿದೆಯಲ್ಲ, ಅದನ್ನ ಹೇಗೆ ನಂಬೋದು?" ಎಂದಳು.

ಇಬ್ಬರಿಗೂ ಅನುಮಾನ ಇರುವುದು ಒಂದೇ ಕಡತದ ಮೇಲೆ, ಲಿನಕ್ಸ್ ಯಂತ್ರ ಏಳುವಾಗ ಮೊದಲಿಗೇ ಮೆಮೊರಿಗೆ ಬರುವ ಇನಿಟ್‌ರಾಮ್‌ಎಫ್‌ಎಸ್ ಎಂಬ ಬೂಟ್ ಇಮೇಜಿನ ಮೇಲೆ. ಆದರೆ ರೈಟರ ಅನುಮಾನ ಅದು ಕೆಡುತ್ತದೆ ಎಂಬುದು, ಹುಡುಗಿಯ ಅನುಮಾನ ಅದನ್ನು ಯಾರೋ ಕೆಡಿಸಿದ್ದಾರೆ ಎಂಬುದು. ಮೂರನೆಯ ಬಗೆಯವರೂ ಇದ್ದಾರೆ. ಅದರೊಳಗೆ ಏನಿದೆಯೆಂದು ತಮಗೆ ತಿಳಿಯದು, ತಿಳಿಯದ್ದನ್ನು ನಂಬುವುದಿಲ್ಲ ಎನ್ನುವವರು. ಈ ಮೂರು ಅನುಮಾನಗಳಿಗೆ ಮದ್ದು ಒಂದೇ ಅಲ್ಲ, ಒಂದಕ್ಕೆ ಕೊಡುವ ಮದ್ದು ಇನ್ನೊಂದನ್ನು ಉಲ್ಬಣಿಸುವುದೂ ಉಂಟು. ಇನಿಟ್‌ರಾಮ್‌ಎಫ್‌ಎಸ್ ಬೇಡವೆಂದು ಹೊರಟ ಬಹುಪಾಲು ಮಂದಿ ಎಡವುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ.

ಮೊದಲು ವಸ್ತುವನ್ನೇ ನೋಡೋಣ

ಡೆಬಿಯನ್, ಫೆಡೋರಾದಂಥ ಲಿನಕ್ಸ್ ವಿತರಣೆಗಳ ಕರ್ನಲ್, ಅಂದರೆ ವ್ಯವಸ್ಥೆಯ ತಿರುಳು, ಎಲ್ಲ ಬಗೆಯ ಯಂತ್ರಗಳಲ್ಲೂ ಓಡಬೇಕಾದ್ದರಿಂದ, ಅದರ ಡ್ರೈವರುಗಳಲ್ಲಿ ಹೆಚ್ಚಿನವು ಬಿಡಿ ಮಾಡ್ಯೂಲುಗಳಾಗಿ ಡಿಸ್ಕಿನ ಮೇಲೆ ಇರುತ್ತವೆ. ಡಿಸ್ಕನ್ನು ಓದಲು ಬೇಕಾದ ಡ್ರೈವರು ಡಿಸ್ಕಿನೊಳಗೇ ಇದ್ದರೆ, ಪೆಟ್ಟಿಗೆಯ ಬೀಗದಕೈಯನ್ನು ಪೆಟ್ಟಿಗೆಯಲ್ಲೇ ಇಟ್ಟು ಬೀಗ ಹಾಕಿದ ಹಾಗಾಗುತ್ತದೆ. ಅದಕ್ಕಾಗಿ, ಯಂತ್ರವನ್ನು ಎಬ್ಬಿಸುವ ಸಣ್ಣ ಕಾರ್ಯಕ್ರಮವಾದ ಬೂಟ್‌ಲೋಡರು ಕರ್ನಲಿನ ಜೊತೆಗೆ ಸಂಕುಚಿತವಾದ ಒಂದು ಸಣ್ಣ ಗಂಟನ್ನೂ ಮೆಮೊರಿಗೆ ತಂದಿಡುತ್ತದೆ. ಕರ್ನಲ್ ಅದನ್ನು ಬಿಚ್ಚಿ, ಒಳಗಿರುವ ಇನಿಟ್ ಎಂಬ ಕಾರ್ಯಕ್ರಮವನ್ನು ಓಡಿಸುತ್ತದೆ. ಅದು ಮಾಡ್ಯೂಲುಗಳನ್ನು ಹೇರಿ, ಅಗತ್ಯವಿದ್ದರೆ ಪಾಸ್‌ವರ್ಡ್ ಕೇಳಿ ಡಿಸ್ಕನ್ನು ತೆರೆದು, ವ್ಯವಸ್ಥೆಯ ಕಡತಗಳೆಲ್ಲ ಇರುವ ನಿಜವಾದ ರೂಟ್ ಫೈಲ್‌ಸಿಸ್ಟಮ್ಮಿಗೆ ಅಧಿಕಾರ ವಹಿಸಿಕೊಟ್ಟು ತಾನು ಮರೆಯಾಗುತ್ತದೆ. ಹಳೆಯ ಕಾಲದಲ್ಲಿ ಇದು ಇನಿಟ್‌ಆರ್‌ಡಿ ಎಂಬ ರ‍್ಯಾಮ್‌ಡಿಸ್ಕ್ ಆಗಿತ್ತು. 2003ರ ಡಿಸೆಂಬರಿನಲ್ಲಿ ಬಂದ 2.6 ಕರ್ನಲಿನ ಕಾಲದಿಂದ ಸಿಪಿಐಒ ಎಂಬ ಕಟ್ಟಿನ ರೂಪದ ಇನಿಟ್‌ರಾಮ್‌ಎಫ್‌ಎಸ್ ಅದರ ಜಾಗಕ್ಕೆ ಬಂತು. ಜನರ ಬಾಯಲ್ಲಿ ಇಂದಿಗೂ ಎರಡು ಹೆಸರೂ ಬೆರೆತೇ ಇವೆ.

ಈ ಗಂಟನ್ನು ವಿತರಣೆಯವರು ಕಟ್ಟಿ ಕಳಿಸುವುದಿಲ್ಲ, ಸಾಮಾನ್ಯವಾಗಿ ನಿಮ್ಮ ಯಂತ್ರವೇ ಕಟ್ಟಿಕೊಳ್ಳುತ್ತದೆ. ಡೆಬಿಯನ್ನಿನಲ್ಲಿ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್, ಫೆಡೋರಾ ಮತ್ತು ಓಪನ್‌ಸೂಸೆಗಳಲ್ಲಿ ಡ್ರಾಕಟ್, ಆರ್ಚ್‌ನಲ್ಲಿ ಎಂಕೆಇನಿಟ್‌ಸಿಪಿಐಒ ಎಂಬ ಸಲಕರಣೆಗಳು ನಿಮ್ಮದೇ ಡಿಸ್ಕಿನಲ್ಲಿರುವ ಕಡತಗಳನ್ನು ಆರಿಸಿ ಸೇರಿಸಿ ಇದನ್ನು ತಯಾರಿಸುತ್ತವೆ. ಆದ್ದರಿಂದ ಒಳಗೆ ಏನಿದೆಯೋ ಎಂಬ ಅನುಮಾನಕ್ಕೆ ಉತ್ತರ ಸುಲಭ, ಬಿಚ್ಚಿ ನೋಡಬಹುದು: ಮೂರೂ ಸಲಕರಣೆಗಳ ಜೊತೆಗೆ ಒಳಗಿನ ಪಟ್ಟಿಯನ್ನು ತೋರಿಸುವ ಆಜ್ಞೆಯೂ ಬರುತ್ತದೆ. ಆದರೆ ನಿಮ್ಮ ಮನೆಯಲ್ಲೇ ತಯಾರಾದ ಕಾರಣಕ್ಕೆ ವಿತರಣೆಯವರು ಅದಕ್ಕೆ ಸಹಿ ಹಾಕಲಾರರು. ಎರಡನೆಯ ಅನುಮಾನದ ಬೇರು ಇರುವುದು ಈ ಸಹಿಯಿಲ್ಲದಿರುವಿಕೆಯಲ್ಲಿ.

ಯಾವುದರಿಂದ ಅಳೆಯುವುದು

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ್ದು, ನೀವಿಲ್ಲದಾಗ ಯಂತ್ರವನ್ನು ಮುಟ್ಟುವವರು ಯಾರು ಎಂಬುದು. ಬೀಗ ಹಾಕಿದ ಎಸ್ಟೇಟ್ ಆಫೀಸಿನ ಮೇಜಿನ ಮೇಲಿರುವ ಡೆಸ್ಕ್‌ಟಾಪಿಗೂ, ಹಾಸ್ಟೆಲ್, ಬಸ್ಸು, ಹೋಂಸ್ಟೇ, ರಿಪೇರಿ ಅಂಗಡಿ ಎಂದು ತಿರುಗುವ ಲ್ಯಾಪ್‌ಟಾಪಿಗೂ ಒಂದೇ ಅಳತೆ ಹಿಡಿಯಲಾಗದು. ಎರಡನೆಯದು, ರೂಟ್ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆಯೇ, ಎಲ್‌ವಿಎಂ ಅಥವಾ ರೇಡ್ (ಡಿಸ್ಕುಗಳನ್ನು ಜೋಡಿಸಿ ಬಳಸುವ ಪದ್ಧತಿಗಳು) ಮೇಲೆ ಕೂತಿದೆಯೇ ಎಂಬುದು. ಕೆಲವು ದಾರಿಗಳು ಈ ಪ್ರಶ್ನೆಯಲ್ಲೇ ಮುಚ್ಚಿಹೋಗುತ್ತವೆ. ಮೂರನೆಯದು, ಕೆಟ್ಟಾಗ ಎಬ್ಬಿಸುವವರು ಯಾರು ಎಂಬುದು. ಆಲ್ದೂರಿನ ದಾರಿಯಲ್ಲಿ ರಸ್ತೆಗೆ ಮರ ಬಿದ್ದ ದಿನ ನಾನು ಚಿಕ್ಕಮಗಳೂರಿನಿಂದ ಅಲ್ಲಿಗೆ ತಲುಪಲಾರೆ; ಫೋನಿನಲ್ಲಿ ಹೇಳಿದ್ದನ್ನು ಕೇಳಿ ಒತ್ತಬಲ್ಲವರಿಗೆ ಒಗ್ಗುವ ವ್ಯವಸ್ಥೆ ಬೇಕು. ನಾಲ್ಕನೆಯದು, ಪ್ರತಿ ಕರ್ನಲ್ ಅಪ್‌ಡೇಟಿಗೂ ನಿಮ್ಮ ಕೈ ಎಷ್ಟು ತಾಗಬೇಕು ಎಂಬುದು. ಹಣದ ಪ್ರಶ್ನೆ ಇದರಲ್ಲಿ ಚಿಕ್ಕದು: ಹೆಚ್ಚೆಂದರೆ ಒಂದು ಪೆನ್‌ಡ್ರೈವ್, ಯುಪಿಎಸ್‌ಗೆ ಹೊಸ ಬ್ಯಾಟರಿ, ಅಥವಾ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಇರುವ ಯಂತ್ರ. ಈ ಕೊನೆಯದು ವಿಂಡೋಸ್ 11 ಅದನ್ನು ಕಡ್ಡಾಯ ಮಾಡಿದ 2021ರ ನಂತರದ ಲ್ಯಾಪ್‌ಟಾಪುಗಳಲ್ಲಿ ಹೇಗೂ ಇರುತ್ತದೆ.

ಇದ್ದದ್ದನ್ನೇ ಇಟ್ಟುಕೊಂಡು ಓರಣ ಮಾಡುವುದು

ರೈಟರ ಕಂಪ್ಯೂಟರಿನಲ್ಲಿ ಆದದ್ದು ಇಷ್ಟೆ. ಮೊದಲನೆಯ ಸಲ, ಅಪ್‌ಡೇಟು ಹೊಸ ಇಮೇಜನ್ನು ಬರೆಯುತ್ತಿದ್ದಾಗಲೇ ಕರೆಂಟು ಹೋಯಿತು. ಮೇಜಿನ ಕೆಳಗಿದ್ದ ಯುಪಿಎಸ್‌ನ ಬ್ಯಾಟರಿ ಸತ್ತು ವರ್ಷವಾಗಿದ್ದರೂ ಹಸಿರು ದೀಪ ಉರಿಯುತ್ತಿತ್ತಾದ್ದರಿಂದ ಯಾರೂ ಅದನ್ನು ಶಂಕಿಸಿರಲಿಲ್ಲ. ಎರಡನೆಯ ಸಲ, ಈ ಇಮೇಜುಗಳು ಕೂರುವ ಬೂಟ್ ವಿಭಾಗ (ಪಾರ್ಟಿಷನ್) ತುಂಬಿಹೋಗಿತ್ತು. ಹಳೆಯ ಇನ್‌ಸ್ಟಾಲೇಶನ್ನುಗಳಲ್ಲಿ ಆ ವಿಭಾಗಕ್ಕೆ ಐನೂರು ಎಂಬಿಯ ಆಸುಪಾಸು ಜಾಗ ಕೊಡುವ ರೂಢಿಯಿತ್ತು. ಈಗ ಒಂದೊಂದು ಇಮೇಜೇ ನೂರು ಎಂಬಿ ದಾಟುವುದು ಅಪರೂಪವಲ್ಲ, ಎನ್‌ವಿಡಿಯಾ ಕಾರ್ಡ್ ಇದ್ದರಂತೂ ಹೇಳುವುದೇ ಬೇಡ. ನಾಲ್ಕನೆಯ ಇಮೇಜು ಅರ್ಧಕ್ಕೆ ನಿಂತಿತು, ಪರದೆಯ ಮೇಲೆ "ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್" ಎಂಬ ಸಾಲು ಬಂತು. ಎರಡು ಸಲವೂ ಫೋನಿನಲ್ಲೇ ಗ್ರಬ್ ಎಂಬ ಬೂಟ್‌ಲೋಡರಿನ ಮೆನು ತೆರೆಸಿ, ಅಡ್ವಾನ್ಸ್ಡ್ ಎಂಬ ಸಾಲಿನೊಳಗೆ ಹೋಗಿ ಮೂರನೆಯದನ್ನು ಒತ್ತಿ ಎಂದಾಗ ಹಳೆಯ ಕರ್ನಲ್ ತನ್ನ ಹಳೆಯ ಇಮೇಜಿನೊಂದಿಗೆ ಎದ್ದು ನಿಂತಿತು, ಬಟವಾಡೆಯೂ ಆಯಿತು. ಆ ಫೈಲೇ ಬೇಡ ಎಂದವರನ್ನು ಉಳಿಸಿದ್ದು ಅಂಥದೇ ಇನ್ನೊಂದು ಫೈಲು.

ಇಂಥ ಕಡೆಗೆ ನನ್ನ ಸಲಹೆ ಸರಳವಾದದ್ದು: ಎರಡು ಕರ್ನಲ್ ಮಾತ್ರ ಉಳಿಸಿ ಉಳಿದವನ್ನು ತೆಗೆಯುವುದು, ಬೂಟ್ ವಿಭಾಗಕ್ಕೆ ಒಂದು ಜಿಬಿಯಾದರೂ ಕೊಡುವುದು, ಯುಪಿಎಸ್ ಬ್ಯಾಟರಿಯನ್ನು ಮೇ ತಿಂಗಳಲ್ಲೇ ಪರೀಕ್ಷಿಸುವುದು. ಇಮೇಜನ್ನು ಚಿಕ್ಕದು ಮಾಡಲು ಈ ಯಂತ್ರಕ್ಕೆ ಬೇಕಾದ ಮಾಡ್ಯೂಲುಗಳನ್ನಷ್ಟೇ ಸೇರಿಸುವ ಆಯ್ಕೆಯೂ ಇದೆ. ಡ್ರಾಕಟ್‌ನಲ್ಲಿ ಅದನ್ನು ಹೋಸ್ಟ್‌ಓನ್ಲಿ ಎನ್ನುತ್ತಾರೆ, ಡೆಬಿಯನ್ನಿನ ಸಲಕರಣೆಯಲ್ಲಿ ಮಾಡ್ಯೂಲ್ಸ್ ಎಂಬಲ್ಲಿ ಮೋಸ್ಟ್ ಇರುವುದನ್ನು ಡೆಪ್ ಎಂದು ಬದಲಿಸಬೇಕು. ಆದರೆ ಮದರ್‌ಬೋರ್ಡ್ ಸುಟ್ಟು ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಬೇಕಾದ ದಿನ ಆ ಸಣ್ಣ ಇಮೇಜು ಕೈಕೊಡಬಹುದು. ಸಿಡಿಲಿಗೆ ಪ್ರತಿ ವರ್ಷ ಒಂದಾದರೂ ಬೋರ್ಡು ಹೋಗುವ ಮಲೆನಾಡಿನಲ್ಲಿ ನಾನು ದಪ್ಪ ಇಮೇಜನ್ನೇ ಇಡುತ್ತೇನೆ.

ಎನ್‌ಕ್ರಿಪ್ಟ್ ಆದ ಯಂತ್ರವಾದರೆ ಓರಣದ ಪಟ್ಟಿಗೆ ಇನ್ನೊಂದು ಕೆಲಸ ಸೇರುತ್ತದೆ. ಬೂಟ್ ಇಮೇಜಿನೊಳಗೆ ಆಜ್ಞೆಗಳನ್ನು ಟೈಪು ಮಾಡಬಹುದಾದ ತುರ್ತು ಶೆಲ್ ಒಂದಿರುತ್ತದೆ. ರೂಟ್ ಸಿಗದಿದ್ದರೆ ಅದು ತಾನಾಗಿ ತೆರೆದುಕೊಳ್ಳುತ್ತದೆ. 2016ರಲ್ಲಿ ಹೊರಬಂದ ದೋಷವೊಂದರಲ್ಲಿ, ಪಾಸ್‌ವರ್ಡ್ ಕೇಳುವಾಗ ಎಂಟರ್ ಕೀಲಿಯನ್ನು ಸುಮಾರು 70 ಸೆಕೆಂಡು ಒತ್ತಿ ಹಿಡಿದರೆ ಸಾಕು, ಡೆಬಿಯನ್ ಬಳಗದ ಯಂತ್ರಗಳಲ್ಲಿ ಈ ಶೆಲ್ ಸಿಗುತ್ತಿತ್ತು. ಎನ್‌ಕ್ರಿಪ್ಟ್ ಆದ ದತ್ತಾಂಶ ಅದರಿಂದ ತೆರೆಯದು, ನಿಜ. ಆದರೆ ಬೂಟ್ ವಿಭಾಗವನ್ನು ತಿದ್ದಿ ಹೋಗಲು ಅಷ್ಟು ಸಾಕು. ಡೆಬಿಯನ್ ಬಳಗದಲ್ಲಿ, ಬೂಟ್‌ಲೋಡರು ಕರ್ನಲಿಗೆ ಆಯ್ಕೆಗಳನ್ನು ತಿಳಿಸುವ ಕರ್ನಲ್ ಸಾಲಿನಲ್ಲಿ ಪ್ಯಾನಿಕ್ ಎಂಬುದಕ್ಕೆ ಒಂದು ಸಂಖ್ಯೆ ಕೊಟ್ಟರೆ ಈ ಶೆಲ್ ಮುಚ್ಚುತ್ತದೆ. ಡ್ರಾಕಟ್‌ನಲ್ಲಿ ಆರ್‌ಡಿ ಡಾಟ್ ಶೆಲ್ ಎಂಬುದನ್ನು ಸೊನ್ನೆ ಮಾಡಿ, ಆರ್‌ಡಿ ಡಾಟ್ ಎಮರ್ಜೆನ್ಸಿ ಎಂಬುದಕ್ಕೆ ಹಾಲ್ಟ್ ಕೊಡಬೇಕು. ಗ್ರಬ್ ಮೆನುವಿಗೆ ಪಾಸ್‌ವರ್ಡ್ ಇಲ್ಲದಿದ್ದರೆ ಯಾರು ಬೇಕಾದರೂ ಆ ಸಾಲನ್ನು ತಿದ್ದಿಬಿಡಬಹುದಾದ್ದರಿಂದ ಎರಡನ್ನೂ ಒಟ್ಟಿಗೇ ಮಾಡಿ. ಖರ್ಚಿಲ್ಲದ ಈ ಕೆಲಸವನ್ನು ಮಾಡದೆ ಟಿಪಿಎಂ ಬಗ್ಗೆ ವಿಚಾರಿಸುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಇಮೇಜೇ ಇಲ್ಲದ ಬೂಟ್

ಇದು ಸಾಧ್ಯ, ಜೆಂಟೂ ಎಂಬ ವಿತರಣೆ ಬಳಸುವವರಲ್ಲಿ ರೂಢಿಯಲ್ಲೂ ಇದೆ. ಡಿಸ್ಕಿನ ಕಂಟ್ರೋಲರು ಮತ್ತು ಫೈಲ್‌ಸಿಸ್ಟಮ್ಮಿನ ಡ್ರೈವರುಗಳನ್ನು, ಅಂದರೆ ಎನ್‌ವಿಎಂಇ ಅಥವಾ ಸಾಟಾ ಮತ್ತು ಎಕ್ಸ್‌ಟಿ4 ಇವುಗಳನ್ನು, ಮಾಡ್ಯೂಲಾಗಿ ಬಿಡದೆ ಕರ್ನಲಿನೊಳಗೇ ಕೂರಿಸಿ ಮೂಲ ಕೋಡಿನಿಂದ ಸ್ವತಃ ಕಂಪೈಲ್ ಮಾಡಿಕೊಳ್ಳಬೇಕು. ಮೊದಲ ಯತ್ನದಲ್ಲಿ ಎಲ್ಲರೂ ಮುಗ್ಗರಿಸುವ ಜಾಗ ಒಂದಿದೆ: ರೂಟ್ ಯಾವುದೆಂದು ಫೈಲ್‌ಸಿಸ್ಟಮ್ಮಿನ ಗುರುತಾದ ಯುಯುಐಡಿಯಿಂದ ಹೇಳಿದರೆ ಬರಿಯ ಕರ್ನಲಿಗೆ ಅರ್ಥವಾಗುವುದಿಲ್ಲ, ಏಕೆಂದರೆ ಅದನ್ನು ಹುಡುಕಿಕೊಡುತ್ತಿದ್ದದ್ದು ಇನಿಟ್‌ರಾಮ್‌ಎಫ್‌ಎಸ್ ಒಳಗಿನ ಸಲಕರಣೆ. ವಿಭಾಗದ ಗುರುತಾದ ಪಾರ್ಟ್‌ಯುಯುಐಡಿ ಕೊಟ್ಟರೆ ಕರ್ನಲಿಗೆ ತಾನೇ ತಿಳಿಯುತ್ತದೆ. ಗ್ರಾಫಿಕ್ಸ್ ಕಾರ್ಡಿನ ಫರ್ಮ್‌ವೇರ್ (ಅದರೊಳಗೇ ಓಡುವ ಕಾರ್ಯಕ್ರಮ), ಪ್ರೊಸೆಸರಿನ ಮೈಕ್ರೋಕೋಡ್ (ಅದರ ಒಳ ತಿದ್ದುಪಡಿ) ಇವೆಲ್ಲ ಮೊದಲ ಕ್ಷಣದಲ್ಲೇ ಬೇಕಿದ್ದರೆ ಅವನ್ನೂ ಕರ್ನಲಿನೊಳಗೇ ಹೆಣೆಯಬೇಕು.

ಕಳೆದುಕೊಳ್ಳುವುದರ ಪಟ್ಟಿ ದೊಡ್ಡದು. ಲಕ್ಸ್ ಎಂಬ ಲಿನಕ್ಸಿನ ಡಿಸ್ಕ್ ಎನ್‌ಕ್ರಿಪ್ಶನ್ ಇರುವ ರೂಟ್ ಆಗದು, ಪಾಸ್‌ವರ್ಡ್ ಕೇಳುವವರೇ ಇಲ್ಲ. ಎಲ್‌ವಿಎಂ ಮೇಲಿನ ರೂಟ್ ಆಗದು. ಸಾಫ್ಟ್‌ವೇರ್ ರೇಡ್ ಆದರೆ 0.90 ಎಂಬ ಹಳೆಯ ಮಾದರಿಯ ಮೆಟಾಡೇಟಾವನ್ನಷ್ಟೇ ಕರ್ನಲ್ ತಾನಾಗಿ ಗುರುತಿಸುತ್ತದೆ, ಈಗಿನ 1.2ನ್ನು ಗುರುತಿಸದು. ಪ್ರತಿ ಭದ್ರತಾ ಅಪ್‌ಡೇಟಿಗೂ ಕಂಪೈಲ್ ಮಾಡುವ ಕೆಲಸ ನಿಮ್ಮದೇ, ಬೇಸತ್ತು ಮೂರು ತಿಂಗಳು ಮುಂದೂಡಿದರೆ ಆ ಹಳೆಯ ಕರ್ನಲೇ ದೊಡ್ಡ ಅಪಾಯವಾಗುತ್ತದೆ.

ಇಷ್ಟೆಲ್ಲ ಮಾಡಿದರೂ ತಿದ್ದುವವನ ಭಯ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಕರ್ನಲ್ ಕೂಡ ಅದೇ ತೆರೆದ ಬೂಟ್ ವಿಭಾಗದಲ್ಲಿ ಸಹಿಯಿಲ್ಲದೆ ಕೂತಿರುತ್ತದೆ. ಇಮೇಜನ್ನು ತಿದ್ದಬಲ್ಲವನು ಕರ್ನಲನ್ನೂ ಬದಲಿಸಬಲ್ಲ. ಮೇಲಾಗಿ ಪ್ರತಿ ಕರ್ನಲಿನೊಳಗೂ ಖಾಲಿಯದ್ದಾದರೂ ಸರಿ, ಒಂದು ಇನಿಟ್‌ರಾಮ್‌ಎಫ್‌ಎಸ್ ಹುದುಗಿಯೇ ಇರುತ್ತದಾದ್ದರಿಂದ ಅದನ್ನು ಪೂರ್ತಿ ಕಿತ್ತೊಗೆದೆ ಎಂದುಕೊಳ್ಳುವುದೂ ಸರಿಯಲ್ಲ. ಎನ್‌ಕ್ರಿಪ್ಶನ್ ಇಲ್ಲದ ಒಂದೇ ಡಿಸ್ಕಿನ ಸರ್ವರ್, ಗೇಟಿನ ಕ್ಯಾಮೆರಾ ನೋಡಿಕೊಳ್ಳುವ ಪೆಟ್ಟಿಗೆ, ಹತ್ತು ವರ್ಷ ಹಾರ್ಡ್‌ವೇರ್ ಬದಲಾಗದ ಯಂತ್ರ, ಇಂಥವುಗಳಿಗೆ ಇದು ಚೊಕ್ಕ ದಾರಿ. ಆಲ್ದೂರಿನ ಆಫೀಸಿಗೆ ಅಲ್ಲ.

ಕೈಯಾರೆ ಕಟ್ಟಿದ ಪುಟ್ಟ ಇಮೇಜು

ಒಳಗೇನಿದೆಯೋ ತಿಳಿಯದು ಎಂಬ ಮೂರನೆಯ ಬಗೆಯವರಿಗೆ ನಾನು ಮನಸಾರೆ ಹೇಳುವ ದಾರಿ ಇದು. ಸ್ಟ್ಯಾಟಿಕ್ ಆಗಿ (ಬೇರೆ ಕಡತಗಳ ಹಂಗಿಲ್ಲದೆ) ಕಂಪೈಲಾದ, ಸಾಮಾನ್ಯ ಆಜ್ಞೆಗಳೆಲ್ಲ ಇರುವ ಬಿಸಿಬಾಕ್ಸ್ ಒಂದು, ಎನ್‌ಕ್ರಿಪ್ಟ್ ಆದ ಡಿಸ್ಕನ್ನು ತೆರೆಯುವ ಕ್ರಿಪ್ಟ್‌ಸೆಟಪ್ ಒಂದು, ಇಪ್ಪತ್ತು ಸಾಲಿನ ಇನಿಟ್ ಸ್ಕ್ರಿಪ್ಟ್ ಒಂದು, ಇಷ್ಟಿದ್ದರೆ ಆಯಿತು. ಸ್ಕ್ರಿಪ್ಟು ಮಾಡುವುದೂ ಅಷ್ಟೆ: ಪ್ರಾಕ್, ಸಿಸ್, ಡೆವ್ ಎಂಬ ಕರ್ನಲಿನ ಮೂರು ಫೈಲ್‌ಸಿಸ್ಟಮ್ಮುಗಳನ್ನು ಮೌಂಟ್ ಮಾಡುವುದು (ಬಳಕೆಗೆ ಜೋಡಿಸುವುದು), ಪಾಸ್‌ವರ್ಡ್ ಕೇಳಿ ಡಿಸ್ಕ್ ತೆರೆಯುವುದು, ರೂಟನ್ನು ಓದಲಷ್ಟೇ ಆಗುವಂತೆ ಮೌಂಟ್ ಮಾಡಿ ಅದಕ್ಕೆ ದಾಟಿಕೊಳ್ಳುವುದು. ಮೊದಲ ಸಲ ಬರೆದಾಗ ಕೊನೆಯ ಸಾಲಿನಲ್ಲಿ, ಸ್ಕ್ರಿಪ್ಟು ತನ್ನ ಜಾಗವನ್ನೇ ಮುಂದಿನ ಕಾರ್ಯಕ್ರಮಕ್ಕೆ ಬಿಟ್ಟುಕೊಡುವಂತೆ ಮಾಡುವ ಎಕ್ಸೆಕ್ ಎಂಬ ಒಂದು ಪದ ಬಿಟ್ಟಿದ್ದೆ. ಇನಿಟ್ ಮುಗಿದುಹೋದರೆ ಕರ್ನಲ್ ಬದುಕದು, "ಅಟೆಂಪ್ಟೆಡ್ ಟು ಕಿಲ್ ಇನಿಟ್" ಎಂದು ಅಲ್ಲೇ ಕುಸಿಯಿತು. ಇಡೀ ರಾತ್ರಿ ಹೋಯಿತಾದರೂ ಬೂಟ್ ಆಗುವುದೆಂದರೆ ಏನೆಂದು ನನಗೆ ತಿಳಿದದ್ದು ಆ ರಾತ್ರಿ.

ಈ ಪುಟ್ಟ ಕಟ್ಟನ್ನು ಕಂಪೈಲ್ ಮಾಡುವಾಗಲೇ ಕರ್ನಲಿನೊಳಗೆ ಹುದುಗಿಸಬಹುದು. ಆಗ ಎರಡು ಕಡತ ಒಂದಾಗುತ್ತವೆ. ಆ ಒಂದಕ್ಕೆ ಸಹಿ ಹಾಕಿದರೆ ಇಮೇಜಿಗೂ ಸಹಿ ಬಿದ್ದಂತೆ. ಬೆಲೆ ಏನೆಂದರೆ, ಕ್ರಿಪ್ಟ್‌ಸೆಟಪ್‌ಗೆ ಭದ್ರತಾ ಅಪ್‌ಡೇಟು ಬಂದಾಗ ನಿಮ್ಮ ಪುಟ್ಟ ಕಟ್ಟಿನೊಳಗಿನ ಪ್ರತಿ ತಾನಾಗಿ ಹೊಸದಾಗುವುದಿಲ್ಲ. ಯಂತ್ರ ಒಂದಿದ್ದರೆ ಸಂತೋಷದಿಂದ ಮಾಡಿ, ಹತ್ತಿದ್ದರೆ ಮಾಡಬೇಡಿ.

ಬೂಟ್ ವಿಭಾಗವನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದು

ಇಲ್ಲಿಂದ ಮುಂದಿನವು ತಿದ್ದುವವನ ಭಯಕ್ಕೆ ಸಂಬಂಧಿಸಿದವು. ಹೋಟೆಲ್ ಕೊಠಡಿಯಲ್ಲಿ ಬಿಟ್ಟುಹೋದ ಲ್ಯಾಪ್‌ಟಾಪಿನ ಬೂಟ್ ಭಾಗವನ್ನು ತಿದ್ದಿ, ಯಜಮಾನ ಮರಳಿ ಬಂದು ಪಾಸ್‌ವರ್ಡ್ ಒತ್ತಿದಾಗ ಅದನ್ನು ಕದಿಯುವ ಈ ಬಗೆಗೆ, ಕೊಠಡಿ ಗುಡಿಸುವವರ ಮೇಲೆ ಅನ್ಯಾಯವಾಗಿ ಗೂಬೆ ಕೂರಿಸಿ, ಈವಿಲ್ ಮೇಡ್ ಎಂಬ ಹೆಸರನ್ನು ಕೊಟ್ಟವರು ಜೊಆನಾ ರುಟ್ಕೋವ್ಸ್ಕಾ, 2009ರಲ್ಲಿ. ಕರ್ನಲ್, ಇಮೇಜು, ಬೂಟ್‌ಲೋಡರು ಮೂರನ್ನೂ ಪೆನ್‌ಡ್ರೈವ್‌ಗೆ ಸಾಗಿಸಿ, ಅದನ್ನು ಬೀಗದಕೈ ಗೊಂಚಲಿಗೆ ಕಟ್ಟಿಕೊಂಡು ತಿರುಗಿದರೆ, ಲ್ಯಾಪ್‌ಟಾಪಿನಲ್ಲಿ ತಿದ್ದಲು ಮದರ್‌ಬೋರ್ಡಿನ ಫರ್ಮ್‌ವೇರ್ ಬಿಟ್ಟರೆ ಏನೂ ಉಳಿಯುವುದಿಲ್ಲ. ಐನೂರು ರೂಪಾಯಿಯೊಳಗೆ ಮುಗಿಯುತ್ತದೆ, ಹಳೆಯ ಯಂತ್ರಕ್ಕೂ ಒಗ್ಗುತ್ತದೆ, ಅರ್ಥಮಾಡಿಕೊಳ್ಳಲು ಪಾಂಡಿತ್ಯ ಬೇಡ.

ತೊಡಕು ಅಪ್‌ಡೇಟಿನಲ್ಲಿದೆ. ಪೆನ್‌ಡ್ರೈವ್ ಚುಚ್ಚದೆ ಕರ್ನಲ್ ಅಪ್‌ಡೇಟು ಮಾಡಿದರೆ, ಹೊಸ ಇಮೇಜು ಮೌಂಟ್ ಆಗದ ಖಾಲಿ ಬೂಟ್ ಡೈರೆಕ್ಟರಿಯೊಳಗೆ ಹೋಗಿ ಕೂರುತ್ತದೆ, ಯಾವ ದೋಷದ ಸಂದೇಶವೂ ಬರುವುದಿಲ್ಲ. ಮುಂದಿನ ಸಲ ಹಳೆಯ ಕರ್ನಲೇ ಏಳುತ್ತದೆ, ಅದರ ಮಾಡ್ಯೂಲುಗಳನ್ನು ಆ ಹೊತ್ತಿಗೆ ಅಳಿಸಿದ್ದರೆ ವೈಫೈ ಇರುವುದಿಲ್ಲ. ಪೆನ್‌ಡ್ರೈವಿನ ಇನ್ನೊಂದು ಪ್ರತಿಯನ್ನು ಮನೆಯ ಬೀರುವಿನಲ್ಲಿ ಇಡುವುದು, ಪ್ರತಿ ಅಪ್‌ಡೇಟಿನ ನಂತರ ಅದನ್ನೂ ಹೊಸದು ಮಾಡುವುದು, ಈ ಎರಡು ಶಿಸ್ತು ಇರುವವರಿಗೆ ಮಾತ್ರ ಇದನ್ನು ಹೇಳುತ್ತೇನೆ.

ಇದರ ಬದಲು ಬೂಟ್ ವಿಭಾಗವನ್ನೇ ಎನ್‌ಕ್ರಿಪ್ಟ್ ಮಾಡಿ ಗ್ರಬ್‌ನಿಂದ ತೆರೆಸುವವರೂ ಇದ್ದಾರೆ. 2021ರ ಗ್ರಬ್ 2.06 ಲಕ್ಸ್ 2ನ್ನು ಓದಬಲ್ಲದಾದರೂ ಪಾಸ್‌ವರ್ಡಿನಿಂದ ಕೀಲಿ ತೆಗೆಯಲು ಪಿಬಿಕೆಡಿಎಫ್2 ಎಂಬ ವಿಧಾನ ಇದ್ದರೆ ಮಾತ್ರ, ತೆರೆಯುವುದೂ ನಿಧಾನ. ಗ್ರಬ್ ಮಾತ್ರ ಹೊರಗೇ ಉಳಿಯುವುದರಿಂದ ಅನುಮಾನ ಒಂದು ಮೆಟ್ಟಿಲು ಕೆಳಗಿಳಿಯಿತು ಅಷ್ಟೆ.

ಸಹಿ ಹಾಕುವ ದಾರಿ

ಸಹಿಯಿಲ್ಲದ್ದನ್ನು ಬೂಟ್ ಮಾಡಲು ಬಿಡದ ಸೆಕ್ಯೂರ್ ಬೂಟ್ ಆನ್ ಆಗಿದೆಯಲ್ಲ, ಮತ್ತೇಕೆ ಚಿಂತೆ ಎನ್ನುವವರು ಬಹಳ. ಸಾಮಾನ್ಯ ವಿತರಣೆಗಳಲ್ಲಿ ನಡೆಯುವುದು ಹೀಗೆ: ಫರ್ಮ್‌ವೇರು ಮೈಕ್ರೋಸಾಫ್ಟ್ ಸಹಿ ಇರುವ ಶಿಮ್ ಎಂಬ ಪುಟ್ಟ ಬೂಟ್‌ಲೋಡರನ್ನು ಪರೀಕ್ಷಿಸುತ್ತದೆ, ಶಿಮ್ ವಿತರಣೆಯ ಸಹಿ ಇರುವ ಗ್ರಬ್ಬನ್ನೂ ಕರ್ನಲನ್ನೂ ಪರೀಕ್ಷಿಸುವಂತೆ ನೋಡಿಕೊಳ್ಳುತ್ತದೆ, ಇಮೇಜನ್ನು ಯಾರೂ ಪರೀಕ್ಷಿಸುವುದಿಲ್ಲ. ಎಸ್ಟೇಟಿನ ಗೇಟಿನಲ್ಲಿ ಲಾರಿಯ ನಂಬರ್ ಪ್ಲೇಟು, ಡ್ರೈವರನ ಲೈಸೆನ್ಸು ಎಲ್ಲ ನೋಡಿ ಬರೆದುಕೊಂಡು, ಹಿಂದಿರುವ ಚೀಲಗಳನ್ನು ಮುಟ್ಟದೆ ಒಳಗೆ ಬಿಟ್ಟ ಹಾಗೆ. ಪಾಸ್‌ವರ್ಡ್ ಕೇಳುವ ಕಾರ್ಯಕ್ರಮ ಇರುವುದು ಆ ಚೀಲದಲ್ಲಿ.

ಈ ತೂತನ್ನು ಮುಚ್ಚುವುದು ಯುಕೆಐ, ಅಂದರೆ ಯುನಿಫೈಡ್ ಕರ್ನಲ್ ಇಮೇಜ್. ಕರ್ನಲ್, ಇನಿಟ್‌ರಾಮ್‌ಎಫ್‌ಎಸ್, ಕರ್ನಲ್ ಸಾಲು ಮೂರನ್ನೂ ಯುಇಎಫ್‌ಐ ಫರ್ಮ್‌ವೇರು ನೇರವಾಗಿ ಓಡಿಸಬಲ್ಲ ಒಂದೇ ಕಡತವಾಗಿ ಹೊಲಿದು, ಆ ಇಡೀ ಕಡತಕ್ಕೆ ಸಹಿ ಹಾಕುವುದು. ಲಿನಕ್ಸ್ ವ್ಯವಸ್ಥೆಯನ್ನು ನಡೆಸುವ ಸಿಸ್ಟಮ್‌ಡಿ ಎಂಬ ತಂತ್ರಾಂಶದ ಆವೃತ್ತಿ 253ರಿಂದ, ಎಂದರೆ 2023ರಿಂದ, ಯುಕಿಫೈ ಎಂಬ ಸಲಕರಣೆ ಈ ಹೊಲಿಗೆಗೆಂದೇ ಇದೆ; ಡ್ರಾಕಟ್ ಮತ್ತು ಎಂಕೆಇನಿಟ್‌ಸಿಪಿಐಒ ಸಹ ಯುಕೆಐ ತಯಾರಿಸಬಲ್ಲವು. ಸ್ವಂತ ಕೀಲಿಗಳನ್ನು ಸೃಷ್ಟಿಸಿ ಫರ್ಮ್‌ವೇರಿಗೆ ಸೇರಿಸಲು ಎಸ್‌ಬಿಸಿಟಿಎಲ್ ಎಂಬ ಸಲಕರಣೆ ಬಳಸಿದರೆ ಅರ್ಧ ಗಂಟೆಯ ಕೆಲಸ, ಆಮೇಲಿನ ಪ್ರತಿ ಅಪ್‌ಡೇಟಿನಲ್ಲೂ ಹುಕ್‌ಗಳು (ಅಪ್‌ಡೇಟಿನ ಜೊತೆ ತಾನಾಗಿ ಓಡುವ ಸ್ಕ್ರಿಪ್ಟುಗಳು) ತಾವೇ ಸಹಿ ಹಾಕುತ್ತವೆ. ದಿನನಿತ್ಯದ ಶ್ರಮದ ದೃಷ್ಟಿಯಿಂದ, ಒಮ್ಮೆ ಕೂತ ಮೇಲೆ, ಪೆನ್‌ಡ್ರೈವಿಗಿಂತ ಇದೇ ಹಗುರ.

ಎಚ್ಚರಿಕೆಗಳು ನಾಲ್ಕೈದಿವೆ, ಒಂದನ್ನೂ ಕಡೆಗಣಿಸುವಂತಿಲ್ಲ. ಫರ್ಮ್‌ವೇರಿನಿಂದ ಮೈಕ್ರೋಸಾಫ್ಟ್ ಕೀಲಿಗಳನ್ನು ಆವೇಶದಲ್ಲಿ ಅಳಿಸಬೇಡಿ. ಕೆಲವು ಯಂತ್ರಗಳ ಗ್ರಾಫಿಕ್ಸ್ ಕಾರ್ಡಿನ ಒಳಗಿನ ಕಾರ್ಯಕ್ರಮಕ್ಕೂ ಅದೇ ಸಹಿ ಇರುತ್ತದೆ, ಅಳಿಸಿದ ಮೇಲೆ ಪರದೆಯೇ ಏಳದಿರಬಹುದು. ಫರ್ಮ್‌ವೇರ್ ಸೆಟಪ್‌ಗೆ ಪಾಸ್‌ವರ್ಡ್ ಹಾಕದಿದ್ದರೆ ಬಂದವನು ಸೆಕ್ಯೂರ್ ಬೂಟನ್ನೇ ಆಫ್ ಮಾಡಿ ತನ್ನ ಕೆಲಸ ಮುಗಿಸುತ್ತಾನೆ. ಫರ್ಮ್‌ವೇರು ಓದುವ ಇಎಸ್‌ಪಿ ಎಂಬ ವಿಭಾಗ ಚಿಕ್ಕದಾಗಿದ್ದರೆ, ಮುಖ್ಯವಾಗಿ ವಿಂಡೋಸ್ ಮಾಡಿಟ್ಟ ನೂರು ಎಂಬಿಯದಾಗಿದ್ದರೆ, ಎರಡು ಯುಕೆಐ ಅದರಲ್ಲಿ ಹಿಡಿಯುವುದಿಲ್ಲ, ರೈಟರ ಕಥೆಯೇ ಮತ್ತೆ ನಡೆಯುತ್ತದೆ. ಕರ್ನಲ್ ಸಾಲು ಸಹಿಯೊಳಗೆ ಸೇರಿರುವುದರಿಂದ ತುರ್ತಿನಲ್ಲಿ ಅದನ್ನು ತಿದ್ದಲಾಗದು. ಭದ್ರತೆಗೆ ಇದು ಗುಣ, ಫೋನಿನಲ್ಲಿ ರಿಪೇರಿ ಮಾಡಿಸುವವರಿಗೆ ದೋಷ. ಸಹಿಯ ಕೀಲಿ ಇರುವುದು ಎನ್‌ಕ್ರಿಪ್ಟ್ ಆದ ನಿಮ್ಮದೇ ಡಿಸ್ಕಿನಲ್ಲಾದ್ದರಿಂದ, ಓಡುತ್ತಿರುವ ಯಂತ್ರದಲ್ಲಿ ರೂಟ್ ಎಂಬ ಸರ್ವಾಧಿಕಾರದ ಬಳಕೆದಾರನಾಗಿ ನುಸುಳಿದವನು ತನ್ನ ಇಮೇಜಿಗೂ ಸಹಿ ಹಾಕಿಕೊಳ್ಳಬಲ್ಲ. ಈ ದಾರಿ ಕಾಯುವುದು ಆಫ್ ಆಗಿರುವ ಯಂತ್ರವನ್ನು.

ಟಿಪಿಎಂ ಸೇರಿಸಬೇಕೇ?

ಟಿಪಿಎಂ ಚಿಪ್ಪು ತಡೆಯುವುದಿಲ್ಲ, ಅಳೆಯುತ್ತದೆ. ಬೂಟಿನ ಪ್ರತಿ ಹಂತದ ಹ್ಯಾಶ್ (ಕಡತದ ಬೆರಳಚ್ಚಿನಂಥ ಸಂಖ್ಯೆ) ಪಿಸಿಆರ್ ಎಂಬ ಲೆಕ್ಕದ ಮನೆಗಳಲ್ಲಿ ಸೇರುತ್ತಾ ಹೋಗಿ, ಕೊನೆಯ ಮೊತ್ತ ಮೊದಲಿನಂತೆಯೇ ಇದ್ದರೆ ಮಾತ್ರ ಡಿಸ್ಕಿನ ಕೀಲಿ ಹೊರಬರುತ್ತದೆ. ಸೆಕ್ಯೂರ್ ಬೂಟಿನ ಸ್ಥಿತಿ 7ನೆಯ ಮನೆಗೆ, ಬಿಡಿಯಾದ ಇನಿಟ್‌ರಾಮ್‌ಎಫ್‌ಎಸ್ 9ನೆಯದಕ್ಕೆ, ಸಿಸ್ಟಮ್‌ಡಿ ಬಳಗದ ಯುಕೆಐ 11ನೆಯದಕ್ಕೆ ಹೋಗುತ್ತದೆ. ಸಿಸ್ಟಮ್‌ಡಿ 248ರಿಂದ, 2021ರಿಂದ, ಲಕ್ಸ್ ಡಿಸ್ಕಿಗೆ ಟಿಪಿಎಂ ಜೋಡಿಸುವುದು ಒಂದೇ ಸಾಲಿನ ಆಜ್ಞೆ. ಇಷ್ಟು ಸುಲಭವಾದದ್ದೇ ಅಪಾಯವಾಯಿತು ಎಂದು ನನಗೆ ಅನ್ನಿಸುತ್ತದೆ.

ಏಕೆಂದರೆ 7ನ್ನು ಮಾತ್ರ ಆಧಾರವಾಗಿಟ್ಟು, ಇಮೇಜಿಗೆ ಸಹಿಯಿಲ್ಲದೆ, ಪಿನ್ ಕೂಡ ಕೇಳದಂತೆ ಜೋಡಿಸಿದರೆ, ತಿದ್ದಿದ ಇಮೇಜಿಗೂ ಚಿಪ್ಪು ಕೀಲಿಯನ್ನು ಸಂತೋಷದಿಂದ ಕೊಟ್ಟುಬಿಡುತ್ತದೆ. ಮೊದಲಾದರೆ ಕಳ್ಳ ನಿಮ್ಮ ಪಾಸ್‌ವರ್ಡಿಗಾಗಿ ಕಾಯಬೇಕಿತ್ತು, ಈಗ ಅದೂ ಬೇಡ. 9ನ್ನು ಸೇರಿಸಿದರೆ ಈ ತೂತು ಮುಚ್ಚುತ್ತದೆ, ಆದರೆ ಪ್ರತಿ ಅಪ್‌ಡೇಟಿಗೂ ಮೊತ್ತ ಬದಲಾಗಿ ಮರುಜೋಡಣೆ ಬೇಕಾಗುತ್ತದೆ. ಯುಕೆಐ, ಸ್ವಂತ ಕೀಲಿ, ಟಿಪಿಎಂ ಮತ್ತು ಪಿನ್ ನಾಲ್ಕೂ ಒಟ್ಟಿಗಿದ್ದರೆ ನಾನು ಒಪ್ಪುತ್ತೇನೆ. ಇಲ್ಲವಾದರೆ ಉದ್ದನೆಯ ಪಾಸ್‌ವರ್ಡೇ ಮೇಲು. ಯಾವ ಸಂದರ್ಭದಲ್ಲೂ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದು ಬೇರೆ ಕಡೆ ಇಡಿ, ಮದರ್‌ಬೋರ್ಡ್ ಹೋದರೆ ಚಿಪ್ಪೂ ಅದರೊಂದಿಗೆ ಹೋಗುತ್ತದೆ.

ಯಾರಿಗೆ ಯಾವುದು ಕೂತಿತು

ಅಕ್ಕನ ಮಗಳ ವಿಷಯ ಹೇಳಿ ಮುಗಿಸುತ್ತೇನೆ. ಲ್ಯಾಪ್‌ಟಾಪನ್ನು ಅಂಗಡಿಗೆ ಕೊಡುವ ಒಂದು ವಾರ ಮೊದಲು ಅವಳು ಬೂಟ್ ವಿಭಾಗದ ಪ್ರತಿಯೊಂದನ್ನು ಪೆನ್‌ಡ್ರೈವಿಗೆ ಹಾಕಿಟ್ಟಿದ್ದಳು. ಹ್ಯಾಶ್ ಹೋಲಿಸಿದರೆ ಇಮೇಜು ಬೇರೆಯೇ ಆಗಿತ್ತು, ಅಳುವುದೊಂದು ಬಾಕಿ. ಅನುಮಾನಕ್ಕೊಳಗಾದ ಇಮೇಜಿನಿಂದ ಎದ್ದ ಯಂತ್ರ ತನ್ನ ಬಗ್ಗೆ ತಾನೇ ಸುಳ್ಳು ಹೇಳಬಹುದಾದ್ದರಿಂದ ಡಿಸ್ಕನ್ನು ಮುಟ್ಟದೆ ತಾನೇ ಓಡುವ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿಸಿ, ಎರಡೂ ಇಮೇಜುಗಳನ್ನು ಎರಡು ಡೈರೆಕ್ಟರಿಗಳಲ್ಲಿ ಬಿಚ್ಚಿಸಿ, ಕಡತ ಕಡತವಾಗಿ ಹೋಲಿಸಿದೆವು. ವ್ಯತ್ಯಾಸವಿದ್ದದ್ದು ಇಂಟೆಲ್ ಮೈಕ್ರೋಕೋಡಿನಲ್ಲಿ ಮತ್ತು ದಿನಾಂಕಗಳಲ್ಲಿ. ಅಂಗಡಿಗೆ ಕೊಡುವ ಹಿಂದಿನ ರಾತ್ರಿ ಅವಳೇ ಅಪ್‌ಡೇಟು ಮಾಡಿದ್ದಳು. ಅದೇ ಸಾಮಗ್ರಿಯಿಂದ ಎರಡು ಸಲ ಕಟ್ಟಿದರೂ ಹ್ಯಾಶ್ ಒಂದೇ ಇರಬೇಕೆಂದಿಲ್ಲ, ಆದ್ದರಿಂದ ಹ್ಯಾಶ್ ಬರೆದಿಡುವವರು ಅಪ್‌ಡೇಟಿನ ನಂತರವೇ ಬರೆದಿಡಬೇಕು. ಅವಳ ಲ್ಯಾಪ್‌ಟಾಪು ಹೊಸದು, ಕಲಿಯುವ ಹಂಬಲವೂ ಇತ್ತು. ಯುಕೆಐಯನ್ನೂ ಸ್ವಂತ ಕೀಲಿಯನ್ನೂ ಹಾಕಿಕೊಂಡಳು, ಟಿಪಿಎಂ ಬೇಡವೆಂದು ಪಾಸ್‌ವರ್ಡನ್ನೇ ಉಳಿಸಿಕೊಂಡಳು. ಸ್ಕ್ರೂ ಏಕೆ ಬದಲಾಯಿತೆಂದು ಅಂಗಡಿಯವರು ಹೇಳಲಿಲ್ಲ.

ಕಕ್ಷಿದಾರರ ಕಾಗದಪತ್ರ ಹೊತ್ತು ತಿರುಗುವ ವಕೀಲರು, ಲೆಕ್ಕಪರಿಶೋಧಕರು, ಟಿಪಿಎಂ ಇಲ್ಲದ ಹಳೆಯ ಲ್ಯಾಪ್‌ಟಾಪು ಇರುವವರಾದರೆ ಜೇಬಿನ ಪೆನ್‌ಡ್ರೈವನ್ನು ನೋಡಿ. ಹೊಸ ಯಂತ್ರ ಕೊಳ್ಳುವವರಿದ್ದರೆ ಫರ್ಮ್‌ವೇರಿನಲ್ಲಿ ಸ್ವಂತ ಕೀಲಿ ಸೇರಿಸಲು ಬರುತ್ತದೆಯೇ ಎಂದು ಕೊಳ್ಳುವ ಮುನ್ನವೇ ವಿಚಾರಿಸಿ. ಯಾವುದನ್ನು ಆರಿಸಿದರೂ ಅದು ಕೆಟ್ಟಾಗ ಎಬ್ಬಿಸುವ ಕ್ರಮವನ್ನು ಬಿಸಿಲಿರುವ ಒಂದು ದಿನ, ಕರೆಂಟು ಇರುವಾಗ, ಬೇಕೆಂದೇ ಇಮೇಜಿನ ಹೆಸರು ಬದಲಿಸಿ ಒಮ್ಮೆ ಮಾಡಿ ನೋಡಿ.

ಆಲ್ದೂರಿನಲ್ಲಿ ಯುಪಿಎಸ್‌ಗೆ ಹೊಸ ಬ್ಯಾಟರಿ ಬಂತು, ಬೂಟ್ ವಿಭಾಗ ಒಂದು ಜಿಬಿಯಾಯಿತು, ಎರಡು ಕರ್ನಲ್ ಉಳಿದವು. ಗ್ರಬ್ ಮೆನುವಿನಲ್ಲಿ ಎಷ್ಟನೆಯ ಸಾಲು ಒತ್ತಬೇಕೆಂದು ರೈಟರು ಚೆಕ್‌ರೋಲಿನ ರಟ್ಟಿನ ಒಳಬದಿಯಲ್ಲಿ, ಆ ವರ್ಷದ ಮಳೆಯ ಇಂಚುಗಳ ಲೆಕ್ಕದ ಪಕ್ಕದಲ್ಲೇ, ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಿದ್ದಾರೆ.